ಕುಲಗೋಡದಲ್ಲಿ ತಿಕ್ಕಿಟ್ಟ ತೂಗುದೀಪ

ಗೋಕಾಕದಿಂದ ಬೆಳಗಿನ ಬಸ್ಸಿಗೆ ಕುಲಗೋಡಕ್ಕೆ ಬಂದಿದ್ದೆ. ಹಳೆಯ ದೀಪಗಳನ್ನು ಗುರುತಿಸಿ ಬೆಲೆ ಹೇಳುವುದು ನನ್ನ ಕೆಲಸ. ಇಲ್ಲಿಯ ರೈತ ಬಸಪ್ಪ ಮನೆಯ ಹಿತ್ತಾಳೆಯ ತೂಗುದೀಪ ಮಾರಬೇಕೆಂದು ನನ್ನನ್ನು ಕರೆಸಿದ್ದರು. "ತಿಕ್ಕಬೇಡಿ, ವರ್ಷಗಟ್ಟಲೆ ಕೂತ ಆ ಕಪ್ಪಿಗೇ ಬೆಲೆ" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ.

ಪಡಸಾಲೆಯಲ್ಲಿ ದೀಪ ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಬ್ಯಾಡ ಅಂದ್ರೂ ಅಕ್ಕ ತಿಕ್ಕಿಬಿಟ್ಟಾಳ್ರಿ" ಎಂದು ಬಸಪ್ಪ ತಲೆ ತಗ್ಗಿಸಿದರು.

ದೀಪವನ್ನು ಕೈಗೆತ್ತಿಕೊಂಡೆ. ಸರಪಳಿಯ ಕೊಂಡಿಗಳು ಒಂದರಂತೆ ಇನ್ನೊಂದಿಲ್ಲ, ಕೈಯಿಂದ ಬಾಗಿಸಿದವು. ಮೇಲೆ ಕೂತ ಗಿಳಿಯ ರೆಕ್ಕೆಯ ಗೆರೆಗಳು ಸವೆದು ನುಣ್ಣಗಾಗಿದ್ದವು. ದೀಪ ಹಳೆಯದೇ, ಅನುಮಾನವಿಲ್ಲ. ಆದರೆ ಕೊಳ್ಳುವವರು ಈಗ ಅರ್ಧ ಬೆಲೆಯನ್ನೂ ಕೊಡಲಾರರು. ಹಾಗೆಂದು ಹೇಳಿಯೂಬಿಟ್ಟೆ.

ಅಕ್ಕ ಗಂಗವ್ವ ಒಳಗಿನಿಂದ ಚಹಾ ತಂದಿಟ್ಟರು. ಹುಣಸೆಹಣ್ಣಿನ ಹುಳಿಗೆ ಅವರ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಅವ್ವ ಇದ್ದಾಗ ಪ್ರತಿ ಸೋಮವಾರ ಇದನ್ನ ತಿಕ್ಕತಿದ್ಲುರಿ. ಆಕಿ ಹೋದ ಮ್ಯಾಲ ನಾ ಕೈ ಹಚ್ಚಲೇ ಇಲ್ಲ. ಆ ಕಪ್ಪಿಗೇ ಬೆಲಿ ಐತಿ ಅಂತ ತಮ್ಮ ಹೇಳಿದಾಗ ನನಗ ನಾಚಿಕಿ ಬಂತ್ರಿ."

ಗಿಳಿಯ ಸವೆದ ರೆಕ್ಕೆಯನ್ನು ಮತ್ತೊಮ್ಮೆ ಮುಟ್ಟಿದೆ. ಎಷ್ಟು ಸೋಮವಾರಗಳ ಸವೆತವೋ! ಇದಕ್ಕೆ ಬೆಲೆ ಕಟ್ಟುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ನಾನು ಚಹಾ ಮುಗಿಸಿ ಹೊರಡಲು ಎದ್ದೆ. ಬಸಪ್ಪನವರೂ ಎದ್ದರು, ಗೋಡೆಯ ಬದಿಯ ಸ್ಟೂಲನ್ನು ಪಡಸಾಲೆಯ ನಡುವಿಗೆ ಎಳೆದು, ತೊಲೆಯಲ್ಲಿದ್ದ ಕೊಕ್ಕೆಯನ್ನು ಅಲುಗಾಡಿಸಿ ನೋಡಿದರು.

"ಅಕ್ಕಾ," ಎಂದರು, "ಮನ್ಯಾಗ ಎಣ್ಣಿ ಐತೇನು?"