ಹೂಡಿಯ ಜೀವನ್ಮುಕ್ತ

ನನ್ನ ಗಂಡ ಮುಕ್ತರಾದದ್ದು ಒಂದು ಭಾನುವಾರ, ಪಕ್ಕದ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ. ಅಲ್ಲಿ ವೇದಾಂತದ ಪಾಠ ನಡೆಯುತ್ತಿತ್ತು. ಬದುಕಿರುವಾಗಲೇ ಬಿಡುಗಡೆ ಪಡೆದವನು ಜೀವನ್ಮುಕ್ತ, ಅವನಿಗೆ ದೇಹವಿದ್ದರೂ ‘ನಾನೇ ಈ ದೇಹ’ ಎಂಬ ಭ್ರಮೆ ಇರುವುದಿಲ್ಲ, ಸುಖದುಃಖ ಎರಡೂ ಅವನಿಗೆ ತಾಗುವುದಿಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಇವರು ಮನೆಗೆ ಬಂದವರೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಅದು ನಾನೇ ಕಣೇ" ಎಂದರು.

ಹೂಡಿಯಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮವೇ ಆರು ಬಾಡಿಗೆ ಮನೆಗಳಿವೆ. ಬೆಳಿಗ್ಗೆ ನೀರಿನ ಮೋಟರ್ ಹಾಕಿ ಆರಿಸಿದರೆ ಇವರ ದಿನದ ದುಡಿಮೆ ಮುಗಿಯಿತು. ಇಷ್ಟು ಬಿಡುವಿರುವ ಮನುಷ್ಯ ಮುಕ್ತನಾಗದೆ ಇನ್ನೇನಾದಾನು? ಅಂದಿನಿಂದ ಬಾಡಿಗೆಯವರು ಜಗಳವಾಡಿದರೂ ನಸುನಗು, ಕರೆಂಟು ಹೋದರೂ ನಸುನಗು. ಮುದ್ದೆ ತಣ್ಣಗಾದ ದಿನ ಮಾತ್ರ ಪರಬ್ರಹ್ಮವೇ ತಟ್ಟೆ ಸರಿಸಿ ಎದ್ದುಹೋಗುತ್ತಿತ್ತು.

ನಾನೂ ನಗುತ್ತಲೇ ಇದ್ದೆ, ಎದೆಯಲ್ಲಿ ಒಂದು ಗಂಟು ಕೈಗೆ ಸಿಗುವವರೆಗೆ. ತಂಗಿಯ ಜೊತೆ ವೈಟ್‌ಫೀಲ್ಡಿನ ಆಸ್ಪತ್ರೆಗೆ ಹೋದೆ. ಸೂಜಿ ಚುಚ್ಚಿ ಏನೋ ತೆಗೆದುಕೊಂಡು, ರಿಪೋರ್ಟ್ ಶುಕ್ರವಾರ ಸಂಜೆ ಎಂದರು. ಮನೆಗೆ ಬಂದು ಹೇಳಿದರೆ ಇವರು ಕಣ್ಣು ಮುಚ್ಚಿ, "ದೇಹಕ್ಕೆ ಬಂದಿದ್ದು ದೇಹಕ್ಕೆ. ನಿಂಗೇನೂ ಆಗಿಲ್ಲ ಕಣೇ" ಎಂದರು.

"ಅಂಗಾದ್ರೆ ಈ ದೇಹಾನ ನೀವೇ ಇಟ್ಕೊಳ್ಳಿ" ಎಂದು ಒಳಗೆ ಹೋದೆ. ರಿಪೋರ್ಟಿಗಿಂತ ಇವರ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ನಾನು ಸತ್ತರೆ ಈ ಮನುಷ್ಯ ಅಳುವುದೂ ಇಲ್ಲವೇನೋ ಅನಿಸಿ, ಬಚ್ಚಲಲ್ಲಿ ಕೂತು ನನಗಾಗಿ ನಾನೇ ಅತ್ತೆ.

ಶುಕ್ರವಾರ ಬೆಳಿಗ್ಗೆ ರಾಹುಕಾಲಕ್ಕೆ ಅಮ್ಮನವರಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೊರಟೆ. ನಮ್ಮೂರ ಗುಡಿಯಲ್ಲಾದರೆ ಏನು ಎತ್ತ ಎಂದು ಎಲ್ಲರೂ ಕೇಳುತ್ತಾರೆ. ಹಾಗಾಗಿ ಆಟೋ ಹಿಡಿದು ದೊಡ್ಡನೆಕ್ಕುಂದಿಯ ಗುಡಿಗೆ ಹೋದೆ. ಈ ದೀಪ ನಮ್ಮ ಕಡೆ ಹೆಂಗಸರ ಕೆಲಸ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಒಳಭಾಗ ಹೊರಗೆ ಬರುವ ಹಾಗೆ ತಿರುಗಿಸಿ, ಆ ಬಟ್ಟಲಿಗೆ ಎಣ್ಣೆ ಬತ್ತಿ ಹಾಕಬೇಕು. ಗುಡಿಯ ಮುಂದೆ ಸಾಲಾಗಿ ಕೂತ ಸೀರೆಗಳ ನಡುವೆ ಒಂದು ಬಿಳಿ ಪಂಚೆ ಕಂಡಿತು.

ನಮ್ಮ ಮುಕ್ತ ಪುರುಷರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರೂ ನನ್ನ ಹಾಗೆಯೇ ಊರವರ ಕಣ್ಣು ತಪ್ಪಿಸಿ ಬಂದಿದ್ದರು. ಸುತ್ತ ಹರಿದ ಸಿಪ್ಪೆಗಳು, ರಸ ಸಿಡಿದು ಒಂದು ಕಣ್ಣು ಕೆಂಪಗೆ. ಒಂದು ದೀಪವೂ ಹತ್ತಿರಲಿಲ್ಲ. ಪಕ್ಕದ ಹೆಂಗಸು, "ಅಣ್ಣ, ಉಗುರು ತಾಕಿಸ್ಬೇಡಿ, ಹೆಬ್ಬೆಟ್ಟಲ್ಲಿ ಒತ್ತಿ" ಎಂದು ಹೇಳಿಕೊಡುತ್ತಿದ್ದಳು.

"ಏನ್ರೀ ಇದು?" ಎಂದೆ.

ತಲೆಯೆತ್ತಿ ನೋಡಿದರು. "ಒಂದಾದ್ರೂ ನೆಟ್ಟಗೆ ಬರ್ತಿಲ್ಲ ಕಣೇ" ಎಂದು ಹರಿದ ಸಿಪ್ಪೆ ತೋರಿಸಿದರು. "ರಾಹುಕಾಲ ಮುಗ್ದೋಯ್ತದೆ. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?" ಅಷ್ಟು ಹೇಳಿ, ಅಷ್ಟೂ ಹೆಂಗಸರ ಮುಂದೆ, ರಸ ಬಿದ್ದ ಕಣ್ಣಿಂದಲೂ ಬೀಳದ ಕಣ್ಣಿಂದಲೂ ಅತ್ತರು.

ಗಂಟು ಅಪಾಯದ್ದಲ್ಲ ಎಂದು ತಿಳಿದದ್ದು ಸಂಜೆ. ಆಗಿನ್ನೂ ಏನೂ ಗೊತ್ತಿರಲಿಲ್ಲ. ಆದರೂ ಇವರ ಪಕ್ಕ ಕೂತು, ಕೈಯಲ್ಲಿದ್ದ ಹಣ್ಣು ಕಿತ್ತುಕೊಂಡು ದೀಪ ಮಾಡಿ ಹಚ್ಚಿದಾಗ ನನ್ನ ಆಯಸ್ಸು ಕೇಳುವುದೇ ಮರೆತುಹೋಯಿತು. ತಾಯೀ, ಈ ಮನುಷ್ಯನಿಗೆ ಈ ಜನ್ಮದಲ್ಲಂತೂ ಮುಕ್ತಿ ಕೊಡಬೇಡ ಎಂದು ಬೇಡಿಕೊಂಡೆ.