ಮಲಗಲು ಬೇಕಾದ ಸಾಮಾನು

ಕೊಪ್ಪದ ಕಲ್ಯಾಣಮಂಟಪದಲ್ಲಿ ಯೋಗ ಶಿಬಿರ ನಡೆದದ್ದು, ಬೆಳಗಾದರೆ ಸಾಕು, ಟಿವಿಯಲ್ಲಿ ಹೊಟ್ಟೆ ಒಳಗೆಳೆದುಕೊಳ್ಳುವವರೇ ಕಾಣಿಸುತ್ತಿದ್ದ ಕಾಲದಲ್ಲಿ. ನಾನು ಹೋದದ್ದು ಬೆನ್ನಿಗಾಗಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿನ ಅರ್ಧ ರವಿಕೆಗಳನ್ನು ಹೊಲಿದವಳು ನಾನು. ಬೆನ್ನಿಗೆ ಬಿಡುವು ಕೊಡದಿದ್ದರೆ ಮೆಷಿನ್ನನ್ನೇ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ನನಗೆ ಮಕ್ಕಳಾಗಿರಲಿಲ್ಲ. ಮೆಷಿನ್ನೂ ಹೋದರೆ ನಾನು ಯಾರು ಎಂದು ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಶಿಬಿರದ ಟೀಚರ್ ಮೈಸೂರು ಕಡೆಯವರು. ಕೊನೆಯ ದಿನ ವಿಶ್ರಾಂತಿಯ ಯೋಗ ಕಲಿಸಿದರು. ಉದ್ದ ದಿಂಬಿನ ಮೇಲೆ ಬೆನ್ನು ಚಾಚಿ, ತೊಡೆಗಳ ಕೆಳಗೆ ಮರದ ತುಂಡು ಕೊಟ್ಟು, ಸೊಂಟದಿಂದ ಪಾದದವರೆಗೆ ಪಟ್ಟಿ ಸುತ್ತಿ, ಏನೂ ಮಾಡದೆ ಮಲಗುವುದು. ಏನೂ ಮಾಡದಿರಲು ಇಷ್ಟೆಲ್ಲ ಸಾಮಾನು ಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೇಕಾದವರಿಗೆ ಸೆಟ್ ತರಿಸಿಕೊಡುತ್ತೇನೆ ಅಂದರು. ಟೈಲರ್ ಆದವಳು ದಿಂಬು ಕೊಂಡುಕೊಂಡರೆ ಊರು ನಗುತ್ತದೆ ಎಂದು ನಾನು ಬೇಡ ಅಂದೆ.

ಮೊದಲ ದಿಂಬಿಗೆ ಹೊಲಿಗೆಯಲ್ಲಿ ಉಳಿದ ಚೂರುಬಟ್ಟೆ ತುಂಬಿದೆ. ಮಲಗಿದರೆ ನನ್ನ ಗಿರಾಕಿಗಳೆಲ್ಲ ಸೇರಿ ಬೆನ್ನಿಗೆ ಗುದ್ದಿದಂತಾಯಿತು. ಯಾರದೋ ರವಿಕೆಯ ಹುಕ್ಕು ಬೇರೆ ಚುಚ್ಚಿತು. ಎರಡನೆಯದಕ್ಕೆ ಭತ್ತದ ಹೊಟ್ಟು ತುಂಬಿದೆ. ಅದರಲ್ಲಿ ನನಗಿಂತ ಮೊದಲು ಇಲಿ ವಿಶ್ರಾಂತಿ ಪಡೆಯಿತು. ಪಟ್ಟಿಗೆಂದು ಗಂಡನ ಬೆಲ್ಟ್ ತೆಗೆದುಕೊಂಡರೆ, ಅವರು ಪ್ಯಾಂಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ನಿನ್ನ ಯೋಗ ಮುಗಿದ್ರೆ ನಾನು ಆಫೀಸಿಗೆ ಹೋಗ್ಬಹುದಾ?" ಎಂದು ಕೇಳಿದರು. ತೊಡೆಯ ಕೆಳಗೆ ಊಟದ ಮಣೆ ಇಟ್ಟ ದಿನವಂತೂ ಅತ್ತೆ ಕೆಂಡವಾದರು.

"ಅನ್ನ ಉಣ್ಣೂಕೆ ಕೂರೂ ಮಣೆ ಅದು. ಅದಕ್ಕೆ ಕಾಲು ತಾಗಿಸ್ತೀಯಲ್ಲೇ!"

ಕೂರುವಾಗ ಅದಕ್ಕೆ ನಾವೆಲ್ಲ ಏನನ್ನು ತಾಗಿಸುತ್ತೇವೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸರಿಯಾದ ಸಾಮಾನು ಮನೆಯಲ್ಲೇ ಇತ್ತು, ಅಟ್ಟದ ಟ್ರಂಕಿನಲ್ಲಿ. ಅದು ನನಗೂ ಗೊತ್ತು, ಅತ್ತೆಗೂ ಗೊತ್ತು. ನನಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಗಬೇಕಿತ್ತು. ಮದುವೆಯಾದ ಮರುವರ್ಷವೇ ಅತ್ತೆ ಬೂರುಗದ ಕಾಯಿ ಆಯಿಸಿ, ಅದರ ಹತ್ತಿಯಿಂದ ಬೀಜ ಬಿಡಿಸಿ, ಉದ್ದುದ್ದ ದಿಂಬು ಮಾಡಿಸಿದ್ದರು. ಹೆತ್ತವಳ ಸೊಂಟಕ್ಕೆ ಸುತ್ತಿ ಬಿಗಿಯಲೆಂದು ತಮ್ಮ ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಹರಿದು ಮಡಚಿಟ್ಟಿದ್ದರು. ಮೊದಮೊದಲು ಯಾರಿಗೂ ಕಾಣದಂತೆ ಹಿತ್ತಿಲಲ್ಲಿ ಬಿಸಿಲಿಗೆ ಹಾಕುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ಆ ಟ್ರಂಕನ್ನು ಕೇಳುವುದೆಂದರೆ, ಇನ್ನು ಕಾಯಬೇಡಿ ಎಂದು ನಾನೇ ಹೇಳಿದ ಹಾಗೆ. ನಲವತ್ತು ದಾಟಿದವಳು ಹೇಳಲು ಅದರಲ್ಲಿ ಗುಟ್ಟೇನೂ ಉಳಿದಿರಲಿಲ್ಲ, ನಿಜ. ಆದರೂ ಅವರ ಮುಖ ನೋಡಿಕೊಂಡು ಹೇಳಲು ಭಯವಾಗುತ್ತಿತ್ತು. ಬೆನ್ನು ತೀರಾ ಹಿಡಿದುಕೊಂಡ ಒಂದು ಸಂಜೆ ಕೇಳಿಯೇಬಿಟ್ಟೆ. ಅತ್ತೆ ಸೊಪ್ಪು ಬಿಡಿಸುತ್ತಲೇ ಇದ್ದರು.

ಮರುದಿನ ನೋಡಿದರೆ ದಿಂಬುಗಳೂ ಸೊಂಟದ ಬಟ್ಟೆಯೂ ಮುಂದಿನ ಅಂಗಳದಲ್ಲೇ ಬಿಸಿಲು ಕಾಯಿಸುತ್ತಿದ್ದವು. ಅವೆರಡೂ ಒಟ್ಟಿಗೆ ಅಂಗಳಕ್ಕೆ ಬಂದರೆ ನಮ್ಮ ಕಡೆ ಒಂದೇ ಅರ್ಥ. ಪಕ್ಕದ ಮನೆಯಾಕೆ ಜಯಪುರದ ಬಸ್ಸಿಗೆ ಹೊರಟವಳು ಬಸ್ಸನ್ನೇ ಮರೆತು ನಿಂತಳು. ಅವಳ ಕಣ್ಣು ದಿಂಬಿನಿಂದ ನನ್ನ ಹೊಟ್ಟೆಗೆ ಬಂತು. ಮೆಷಿನ್ ಮುಂದೆ ಕೂತು ಬೆಳೆಸಿದ ಹೊಟ್ಟೆ ಅವಳನ್ನು ನಿರಾಸೆಗೊಳಿಸಲಿಲ್ಲ.

"ಇದೆಂತದೇ ಮಾರಾಯ್ತಿ! ನಮಗೆ ಒಂದ್ ಮಾತು ಹೇಳ್ಲಿಲ್ಲ?"

ನನಗೆ ನಾಚಿಕೆಯಿಂದ ಸಾಯುವಂತಾಯಿತು. ಒಳಗೆ ಸರಿದು ಬಾಗಿಲ ಹಿಂದೆ ನಿಂತೆ. ಇಷ್ಟು ವರ್ಷ ಇಂಥ ಪ್ರಶ್ನೆಗೆಲ್ಲ ಅತ್ತೆಯದು ಒಂದೇ ಉತ್ತರ, ದೇವರು ಕೊಟ್ಟಾಗ ಎಂದು. ಆ ದಿನ ದೇವರನ್ನು ಎಳೆದು ತರಲಿಲ್ಲ.

"ಸೊಸೆಗೆ ಬೆನ್ನು ನೋವು. ಮಲಗೂಕೆ ಬೇಕು. ಹೆತ್ತವ್ರಿಗೆ ಮಾತ್ರ ಬೆನ್ನು ಇರೂದಾ?" ಅಂದರು. "ನಿನ್ನ ಬಸ್ಸು ಹೋತು ನೋಡು."

ಮಧ್ಯಾಹ್ನ ಅವರೇ ಚಾಪೆ ಹಾಸಿ ದಿಂಬು ಜೋಡಿಸಿದರು. ಬೂರುಗದ ಹತ್ತಿ ಅಷ್ಟು ವರ್ಷವಾದರೂ ಗಂಟು ಕಟ್ಟಿರಲಿಲ್ಲ. ಬಟ್ಟೆಯನ್ನು ಮಾತ್ರ ಪಾದಕ್ಕೆ ಸುತ್ತಲು ಬಿಡಲಿಲ್ಲ. ನನ್ನ ಸೊಂಟಕ್ಕೆ ಸುತ್ತಿ, ಬಾಣಂತಿಗೆ ಬಿಗಿದ ಹಾಗೇ ಬಿಗಿದರು. ಉಸಿರು ಕಟ್ಟಿತು.

"ಸಡಿಲ ಇರಬೇಕು ಅತ್ತೆ, ಟೀಚರ್ ಹೇಳಿದ್ದಾರೆ" ಅಂದೆ.

"ನಿಂಗೆ ಇದನ್ನ ಕಟ್ಟೂಕೆ ನಾನು ಕಾದ ಹಾಗೆ ನಿನ್ನ ಟೀಚರ್ ಕಾದಿದ್ಲಾ?" ಎಂದು ಇನ್ನೊಂದು ಸುತ್ತು ಎಳೆದು ಗಂಟು ಹಾಕಿದರು. "ಸುಮ್ನೆ ಮಲಗು."

ನಾನು ಸುಮ್ಮನೆ ಮಲಗಿದೆ.