ತಂಪಣ್ಣನ ಥರ್ಮಾಮೀಟರು

ಮೂವತ್ತೈದು ವರ್ಷ ಫ್ರಿಜ್ ರಿಪೇರಿ ಮಾಡಿದವನನ್ನು ಬೀದಿಯ ಜನ ತಂಪಣ್ಣ ಎಂದು ಕರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನ ನಿಜವಾದ ಗುರುತು ಮಾತ್ರ ಬೇರೆ. ಅವನಿಗೆ ಎಲ್ಲದರ ಮೇಲೂ ಅನುಮಾನ. ಹೊಸ ಬಲ್ಬು ಕೊಂಡರೆ ಅಂಗಡಿಯಲ್ಲೇ ಉರಿಸಿ ನೋಡುವನು. ಬಸ್ಸಿನ ಫಲಕ ಓದಿಕೊಂಡ ಮೇಲೂ ಕಂಡಕ್ಟರನನ್ನು ಕೇಳುವನು. ಕಂಡಕ್ಟರ್ ಹೇಳಿದ ಮೇಲೆ ಪಕ್ಕದಲ್ಲಿ ಕುಳಿತವರನ್ನೂ ಒಂದು ಮಾತು ಕೇಳುವನು.

ಇದು ಕಸುಬಿನಿಂದ ಅಂಟಿಕೊಂಡ ಸ್ವಭಾವ. "ನಿನ್ನೆವರೆಗೂ ಚೆನ್ನಾಗಿತ್ತು, ಯಾರೂ ಮುಟ್ಟೇ ಇಲ್ಲ" ಎನ್ನದ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಬಿಚ್ಚಿ ನೋಡಿದರೆ, ಐಸು ಕೀಳಲು ಯಾರೋ ಚಾಕು ಹಾಕಿ ಕೊಳವೆಗೆ ತೂತು ಮಾಡಿರುತ್ತಿದ್ದರು. ಹಾಗಾಗಿ ಅವನು ಮಾತಿಗೆ ಕಿವಿಗೊಡುವುದನ್ನೇ ಬಿಟ್ಟಿದ್ದ. ಚೀಲದಿಂದ ಉದ್ದನೆಯ ಗಾಜಿನ ಥರ್ಮಾಮೀಟರು ತೆಗೆದು, ನೀರಿನ ಲೋಟದಲ್ಲಿ ನಿಲ್ಲಿಸಿ, ಫ್ರಿಜ್ಜಿನೊಳಗಿಟ್ಟು ಬಾಗಿಲು ಮುಚ್ಚುವನು. ಆಮೇಲೆ ಸ್ಟೂಲೆಳೆದುಕೊಂಡು ಎದುರಿಗೇ ಕೂರುವನು. ಯಾರು ಏನು ಕೇಳಿದರೂ ಒಂದೇ ಉತ್ತರ: "ಅರ್ಧ ಗಂಟೆ ಆಗ್ಲಿ." ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟ ಥರ್ಮಾಮೀಟರು ಅದು. ಮನುಷ್ಯರು ಸುಳ್ಳು ಹೇಳಬಹುದು, ಅದು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಅವನು ಅನುಮಾನಿಸದೆ ಬಿಟ್ಟ ವಸ್ತು ಅದೊಂದೇ.

ಹೋದ ಚಳಿಗಾಲದಲ್ಲಿ ಅವನು ಎಲ್ಲಿಂದಲೋ ಫ್ಲೂ ಜ್ವರ ಹತ್ತಿಸಿಕೊಂಡು ಬಂದ. ಅವನಿಗೆ ನಾಲ್ಕು ದಿನದಲ್ಲಿ ಇಳಿಯಿತು. ಹೆಂಡತಿಗೆ ಮೊದಲೇ ಉಬ್ಬಸ. ಅವಳು ಎಂಟು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಳವೆ ಹಾಕಿಸಿಕೊಂಡು ಮಲಗಿದಳು. ಮಂಚದ ಪಕ್ಕದಲ್ಲಿ ಕುಳಿತು ಅವಳ ಎದೆ ಏರಿಳಿಯುವುದನ್ನು ಎಣಿಸಿದ್ದು ತಂಪಣ್ಣನ ಮನಸ್ಸಿನಿಂದ ಮಾಸಿರಲಿಲ್ಲ. ಈ ವರ್ಷ ಚಳಿ ಹತ್ತಿರವಾಗುತ್ತಿದ್ದಂತೆ ಡಾಕ್ಟರು ಇಬ್ಬರಿಗೂ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಹೇಳಿ ಚೀಟಿ ಬರೆದುಕೊಟ್ಟರು. ಪ್ರತಿ ವರ್ಷವೂ ಹಾಕಿಸಿಕೊಳ್ಳಬೇಕಂತೆ.

"ನನಗೆ ಇದೆಲ್ಲ ಅರ್ಥ ಆಗಲ್ಲ ರೀ," ಎಂದಳು ಹೆಂಡತಿ. "ನೀವು ನೋಡಿ ಸರಿ ಅಂದ್ರೆ ಹಾಕಿಸ್ಕೋತೀನಿ. ಬೇಡ ಅಂದ್ರೆ ಬೇಡ."

ಹೊರೆ ಪೂರ್ತಿ ಅವನ ಹೆಗಲಿಗೆ ಬಿತ್ತು. ಪ್ರತಿ ವರ್ಷ ಎಂಬ ಮಾತೇ ಅವನಿಗೆ ಹಿಡಿಸಲಿಲ್ಲ. ಸೋರುವ ಜಾಗ ಹುಡುಕದೆ ವರ್ಷವರ್ಷವೂ ಬಂದು ಗ್ಯಾಸ್ ತುಂಬಿ ಹೋಗುವ ಮೆಕ್ಯಾನಿಕ್ಕನ್ನು ಜನ ಮೋಸಗಾರ ಎನ್ನುತ್ತಾರೆ. ಇವರನ್ನು ಏನನ್ನಬೇಕು?

ಎದುರು ಮನೆಯ ಟೈಲರು ಉರಿಯುವ ಬೆಂಕಿಗೆ ಇನ್ನಷ್ಟು ಎಣ್ಣೆ ಸುರಿದ. "ನಾನು ಹೋದ ವರ್ಷ ಹಾಕಿಸ್ಕೊಂಡೆ ತಂಪಣ್ಣ. ಎರಡು ದಿನ ಕೈ ಎತ್ತೋಕಾಗ್ಲಿಲ್ಲ. ಕತ್ತರಿ ಹಿಡಿಯೋ ಕೈ ನೋಡಿ."

"ಆಮೇಲೆ ಜ್ವರ ಬಂತಾ?"

"ಚಳಿಗಾಲದಲ್ಲಿ ಬರ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದರಿಂದಲೇ ಬರ್ಲಿಲ್ಲ ಅಂತ ಹೇಗೆ ಹೇಳೋದು?" ಟೈಲರು ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದ. "ಅದಿರ್ಲಿ, ನೀವು ರಿಪೇರಿ ಮಾಡಿದ್ಮೇಲೆ ನಮ್ಮ ಫ್ರಿಜ್ಜಲ್ಲಿ ಸೌತೆಕಾಯಿ ಕಲ್ಲಾಗ್ತಿದೆ."

"ಮನೆಯವರು ಯಾರೋ ಗುಂಡಿ ತಿರುಗಿಸಿದ್ದಾರೆ."

"ಯಾರೂ ಮುಟ್ಟೇ ಇಲ್ಲ."

ಅದೇ ಹಳೇ ಮಾತು. ತಂಪಣ್ಣ ಮನಸ್ಸಿನಲ್ಲೇ ನಕ್ಕು ಹೊರಟ.

ಮರುದಿನ ಬೆಳಿಗ್ಗೆ ಅವನು ಚೀಲದೊಂದಿಗೆ ಆರೋಗ್ಯ ಕೇಂದ್ರಕ್ಕೆ ಹೋದ. ಬೆಂಚಿನ ಮೇಲೆ ಹನ್ನೆರಡು ಜನ ಕಾಯುತ್ತಿದ್ದರು. ಕನ್ನಡಕದ ನರ್ಸಮ್ಮ ಚೀಟಿ ನೋಡಿ ಅಂಗಿಯ ತೋಳು ಮಡಚಲು ಹೇಳಿದರೆ, ಅವನು ಫ್ರಿಜ್ ಎಲ್ಲಿದೆ ಎಂದು ಕೇಳಿದ.

"ಯಾಕಣ್ಣ?"

"ಲಸಿಕೆ ತಂಪಲ್ಲಿರ್ಬೇಕು ಅಲ್ವಾ? ಎಷ್ಟರಲ್ಲಿ?"

"ಎರಡರಿಂದ ಎಂಟು ಡಿಗ್ರಿ ಒಳಗೆ. ದಿನಕ್ಕೆರಡು ಸಲ ನೋಡಿ ಬರೀತೀನಿ." ಅವಳು ಪುಸ್ತಕ ತೋರಿಸಿದಳು. ಐದು, ಐದು, ನಾಲ್ಕು, ಐದು. ಇಷ್ಟು ಅಂದವಾದ ಅಂಕಿಗಳನ್ನು ಕಂಡು ತಂಪಣ್ಣನ ಅನುಮಾನ ಇನ್ನಷ್ಟು ಬಲಿಯಿತು. ಕುಳಿತಲ್ಲೇ ಬರೆದರೂ ಹೀಗೇ ಬರುತ್ತದೆ. ಫ್ರಿಜ್ಜಿನ ಬಾಗಿಲು ತೆರೆದರೆ ಕೆಳಗಿನ ತಟ್ಟೆಯಲ್ಲಿ ಸಾಲಾಗಿ ನೀರಿನ ಬಾಟಲಿಗಳು.

"ಕುಡಿಯೋ ನೀರನ್ನೂ ಇಲ್ಲೇ ಇಡ್ತೀರಾ ಸಿಸ್ಟರ್?"

"ಕುಡಿಯೋಕಲ್ಲ. ಕರೆಂಟ್ ಹೋದ್ರೆ ಒಳಗಿನ ತಂಪು ಬೇಗ ಇಳೀಬಾರ್ದು ಅಂತ."

ಉತ್ತರ ಸರಿಯಾಗಿತ್ತು. ಪ್ಲಗ್ಗಿನ ಸ್ವಿಚ್ಚನ್ನು ಯಾರೂ ಆರಿಸದಂತೆ ಪಟ್ಟಿ ಅಂಟಿಸಿದ್ದೂ ಕಣ್ಣಿಗೆ ಬಿತ್ತು. ಇಷ್ಟಾದರೂ ಅವನು ಲೋಟದ ನೀರಿನಲ್ಲಿ ತನ್ನ ಥರ್ಮಾಮೀಟರನ್ನು ನಿಲ್ಲಿಸಿ ಒಳಗಿಟ್ಟ. ಅರ್ಧ ಗಂಟೆಯಲ್ಲಿ ಅವಳು ಅವನ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟಳು: ಆ ವೈರಸ್ಸು ವರ್ಷವರ್ಷವೂ ವೇಷ ಬದಲಿಸುತ್ತದೆ, ಲಸಿಕೆಯ ಬಲವೂ ತಿಂಗಳುಗಳಲ್ಲಿ ತಗ್ಗುತ್ತದೆ, ಅದಕ್ಕೆ ಪ್ರತಿ ವರ್ಷ ಹೊಸದು. "ಹಾಕಿಸ್ಕೊಂಡ್ರೆ ಜ್ವರ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬಂದ್ರೂ ಆಸ್ಪತ್ರೆ ಸೇರೋ ಹಾಗಾಗೋದು ಕಡಿಮೆ." ಹೆಚ್ಚಿಗೆ ಹೇಳದ ಆ ಮಾತು ಅವನಿಗೆ ಹಿಡಿಸಿತು. ಆದರೆ ಬಾಗಿಲು ತೆರೆದಾಗ ಥರ್ಮಾಮೀಟರು ಒಂಬತ್ತು ತೋರಿಸುತ್ತಿತ್ತು.

ಪಕ್ಕದಲ್ಲೇ ತೂಗುತ್ತಿದ್ದ ಅವಳ ಥರ್ಮಾಮೀಟರಿನಲ್ಲಿ ಐದು.

"ನಿಮ್ಮದು ಕೆಟ್ಟಿದೆ," ಎಂದ ತಂಪಣ್ಣ, ಬೆಂಚಿನವರೆಲ್ಲ ಕೇಳುವಂತೆ.

ನರ್ಸಮ್ಮ ವಾದ ಮಾಡಲಿಲ್ಲ. "ಅನುಮಾನ ಬಂದ್ಮೇಲೆ ಹಾಕೋ ಹಾಗಿಲ್ಲ," ಎಂದು ಮೇಲಿನ ಕಚೇರಿಗೆ ಫೋನ್ ಮಾಡಿದಳು. ಅವರು ಸಂಜೆ ಇನ್ನೊಂದು ಥರ್ಮಾಮೀಟರು ತಂದು ನೋಡುವವರೆಗೂ ಲಸಿಕೆ ನಿಂತಿತು. ಹನ್ನೆರಡು ಜನ ಗೊಣಗಿಕೊಂಡು ಎದ್ದು ಹೋದರು. ತಂಪಣ್ಣ ಮನೆ ತಲುಪುವಷ್ಟರಲ್ಲಿ ಆ ಸುದ್ದಿ ಟೈಲರನ ಹೊಲಿಗೆ ಯಂತ್ರವನ್ನೂ ದಾಟಿ ಬೀದಿಯ ಕೊನೆ ಮುಟ್ಟಿತ್ತು.

"ಹಾಗಾದ್ರೆ ಬೇಡ ಅಲ್ವಾ?" ಎಂದು ಕೇಳಿದಳು ಹೆಂಡತಿ. ಅದರ ಹಿಂದೆಯೇ ಒಂದು ಸಣ್ಣ ಕೆಮ್ಮು. ಗೆದ್ದು ಬಂದವನಿಗೆ ಆ ಕೆಮ್ಮು ಸರಿಯಾಗಿ ಕೇಳಿಸಿತು. ಈ ವರ್ಷವೂ ಇವಳು ಆ ಮಂಚದ ಮೇಲೆ ಮಲಗಿದರೆ? ಅವನು ನೀರು ಕೇಳಿದ.

"ನೀರು ಕೊಡ್ತೀನಿ. ಆದ್ರೆ ಮೊದ್ಲು ಈ ಹಾಲು ನೋಡಿ. ಮತ್ತೆ ಐಸುಗಡ್ಡೆ ಆಗಿದೆ. ನೀವೇ ತಂಪು ಸರಿ ಮಾಡಿದ್ದು, ನಾನಂತೂ ಗುಂಡಿ ಮುಟ್ಟಿಲ್ಲ."

ಹೆಂಡತಿ ಸುಳ್ಳು ಹೇಳುವವಳಲ್ಲ. ತಂಪಣ್ಣ ಪಾತ್ರೆಯನ್ನು ಕೈಗೆ ತೆಗೆದುಕೊಂಡು ಅಲುಗಿಸಿ ನೋಡಿದ. ಇಲ್ಲಿ ಹಾಲು, ಎದುರು ಮನೆಯಲ್ಲಿ ಸೌತೆಕಾಯಿ, ಹೋದ ತಿಂಗಳು ಬೇಕರಿಯವನು ಬೆಣ್ಣೆ ಕೊಡಲಿಯಲ್ಲಿ ಕಡಿಯಬೇಕು ಎಂದು ಬೈದದ್ದು. ಎಲ್ಲರೂ ಒಟ್ಟಿಗೆ ಗುಂಡಿ ತಿರುಗಿಸಿರಲಾರರು. ಎಲ್ಲ ಕಡೆಗೂ ಹೋಗಿದ್ದು ತಾನು, ಮತ್ತು ತನ್ನ ಚೀಲ.

ಮೇಸ್ತ್ರಿ ಕಲಿಸಿದ ಮೊದಲ ಪಾಠ ಆಗ ನೆನಪಿಗೆ ಬಂತು. ಐಸನ್ನು ಪುಡಿ ಮಾಡಿ, ಸ್ವಲ್ಪ ನೀರು ಹಾಕಿ ಕಲಕಿದರೆ ಅದು ಸೊನ್ನೆ. ವರ್ಷಕ್ಕೊಮ್ಮೆ ಥರ್ಮಾಮೀಟರನ್ನು ಅದರಲ್ಲಿ ಅದ್ದಿ ನೋಡಬೇಕು. ವರ್ಷಕ್ಕೊಮ್ಮೆ, ತಪ್ಪದೆ. ತಾನು ಕೊನೆಗೆ ಅದ್ದಿ ನೋಡಿದ್ದು ಯಾವಾಗ ಎಂಬುದು ಮಾತ್ರ ನೆನಪಾಗಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಲೋಟ ತುಂಬ ಐಸು ಪುಡಿ ಮಾಡಿ ಅದ್ದಿದ. ಕಾದ. ಕೆಂಪು ಎಳೆ ನಾಲ್ಕಕ್ಕೆ ಬಂದು ನಿಂತಿತು. ಅದರಿಂದ ಕೆಳಗಿಳಿಯಲೇ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ, ಗಾಜಿನೊಳಗಿನ ಅಂಕಿಗಳ ಕಾಗದಪಟ್ಟಿ ನಾಲ್ಕು ಗೆರೆಯಷ್ಟು ಕೆಳಗೆ ಜಾರಿತ್ತು. ಯಾವಾಗಲೋ ಚೀಲ ಬಿದ್ದದ್ದರ ಫಲ ಇರಬೇಕು. ಅದನ್ನು ನಂಬಿ ಅವನು ಎಲ್ಲರ ಫ್ರಿಜ್ಜನ್ನೂ ನಾಲ್ಕು ಡಿಗ್ರಿ ಹೆಚ್ಚು ತಂಪಾಗಿಸಿದ್ದ.

ಅವನು ಉಟ್ಟ ಬಟ್ಟೆಯಲ್ಲೇ, ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು, ಮತ್ತೆ ಕೇಂದ್ರಕ್ಕೆ ಹೋದ. ನರ್ಸಮ್ಮನ ಮೇಜಿನ ಮೇಲೆ ಲೋಟವಿಟ್ಟು ಎರಡು ಥರ್ಮಾಮೀಟರನ್ನೂ ಅದರಲ್ಲಿ ನಿಲ್ಲಿಸಿದ. ಅವಳದು ಸೊನ್ನೆ. ಇವನದು ನಾಲ್ಕು.

"ಕೆಟ್ಟಿರೋದು ನನ್ನದು ಸಿಸ್ಟರ್. ನಿಮ್ಮದರಲ್ಲಿ ಕಾಣೋ ಐದು ಸರಿಯಾಗೇ ಇದೆ."

ಅವಳು ಕನ್ನಡಕವನ್ನು ಮೇಲೆತ್ತಿ ಅವನನ್ನೇ ನೋಡಿದಳು. "ಹನ್ನೆರಡು ಜನರನ್ನ ವಾಪಸ್ ಕಳಿಸಿದ್ದು ನಾನು. ಕರ್ಕೊಂಡು ಬರೋದು ನೀವು."

ಸಂಜೆ ಕಚೇರಿಯವರು ಬಂದು ಅಳೆದಾಗಲೂ ಐದೇ ಬಂತು. ಅಷ್ಟರಲ್ಲಿ ತಂಪಣ್ಣ ಮನೆಮನೆ ಸುತ್ತಿ, ತಪ್ಪು ತನ್ನದೆಂದು ಹೇಳಿ, ಬರುವಾಗ ಅವರವರ ಫ್ರಿಜ್ಜಿನ ಗುಂಡಿಯನ್ನೂ ಹಿಂದಕ್ಕೆ ತಿರುಗಿಸುತ್ತ ಬರುತ್ತಿದ್ದ. ಟೈಲರು ಸುಲಭಕ್ಕೆ ಬಿಡಲಿಲ್ಲ.

"ಆ ಸಿಸ್ಟರ್ ಥರ್ಮಾಮೀಟರ್ ಸರಿ ಇದೆ ಅಂತ ಏನು ಗ್ಯಾರಂಟಿ?"

ಆ ಪ್ರಶ್ನೆ ತನ್ನ ಬಾಯಿಂದಲೇ ಬಂದಂತಿತ್ತು. "ನಿಮ್ಮನೇಲಿ ಐಸ್ ಇದೆಯಾ?" ಎಂದ ತಂಪಣ್ಣ.

"ನೀವು ರಿಪೇರಿ ಮಾಡಿದ ಫ್ರಿಜ್ಜಲ್ಲಿ ಐಸ್ ಬಿಟ್ರೆ ಇನ್ನೇನಿದೆ?"

ಮರುದಿನ ಗಂಡ ಹೆಂಡತಿ ಇಬ್ಬರೂ ಕೇಂದ್ರಕ್ಕೆ ಹೋದರು. ಅವನು ಕೇಳುವ ಮೊದಲೇ ನರ್ಸಮ್ಮ ಸೀಸೆಯ ಮೇಲಿನ ತಾರೀಖನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಎರಡು ಸಲ ಓದಿ, "ಮೊದ್ಲು ನನಗೆ ಹಾಕಿ," ಎಂದು ತೋಳು ಚಾಚಿದ. ಆಮೇಲೆ ಹೆಂಡತಿ. ಸ್ವಲ್ಪ ಹೊತ್ತು ಇಲ್ಲೇ ಕೂತಿರಿ ಎಂದು ಹೇಳಿ ನರ್ಸಮ್ಮ ಮುಂದಿನವರನ್ನು ಕರೆದಳು. ಮುಂದಿನವನು ಟೈಲರು, ಈ ಸಲ ಎಡತೋಳು ಕೊಟ್ಟಿದ್ದ.

ಬೆಂಚಿನ ಮೇಲೆ ತಂಪಣ್ಣ ಹೆಂಡತಿಯ ಕಡೆಗೆ ಪೂರ್ತಿ ತಿರುಗಿ ಕುಳಿತ. ಅವಳ ಮುಖ ನೋಡಿದ, ಉಸಿರು ನೋಡಿದ, ಗೋಡೆಯ ಗಡಿಯಾರ ನೋಡಿ ಮತ್ತೆ ಮುಖ ನೋಡಿದ.

"ನಾನೇನು ಫ್ರಿಜ್ಜಾ, ಹೀಗೆ ಕಾಯ್ತಾ ಕೂತಿದ್ದೀರಿ?" ಎಂದಳು ಅವಳು. "ಹದಿನೈದು ನಿಮಿಷ ಆಯ್ತು. ಏಳಿ, ಹೋಗೋಣ."

"ಸುಮ್ನಿರು," ಎಂದ ತಂಪಣ್ಣ. "ಅರ್ಧ ಗಂಟೆ ಆಗ್ಲಿ."